ರಕ್ತಕ್ಕೆ ಬೇಕಾದ ಕಬ್ಬಿಣ

ಫೆಬ್ರವರಿ 9

ಊರಾಚೆಯ ಮಣ್ಣುಕಂಬಗಳ ಗುಡ್ಡದ ಏರಿನಲ್ಲಿ ಇವತ್ತೂ ನಾನೇ ಕೊನೆ. ಅರ್ಧ ಹತ್ತುವಷ್ಟರಲ್ಲಿ ತೊಡೆಗಳು ನೆನೆದ ಮರಳಿನ ಚೀಲಗಳಂತಾದವು. ದೆಲ್ಫಿನಾ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು, ಆಮೇಲೆ ನೋಡಲಿಲ್ಲ. ತರಬೇತಿ ಕೊಡುವ ನಮ್ಮ ಪ್ರೊಫೆ ಮೋಟಾರ್‌ಬೈಕಿನ ಮೇಲೆ ನನ್ನ ಪಕ್ಕದಲ್ಲೇ ಬರುತ್ತಿದ್ದರು. ಬೈಯಲಿಲ್ಲ. ಅವರು ಬೈಯದಿದ್ದಾಗಲೇ ನನಗೆ ಹೆಚ್ಚು ಭಯ.

ಮೇಲೆ ತಲುಪಿದ ಮೇಲೆ ಎಲ್ಲರೆದುರು ಕೇಳಿದರು, "ಏನು ನೇಲಿ, ಪ್ರೀತಿಗೀತಿ ಶುರುವಾಗಿದೆಯಾ?" ಹುಡುಗರು ನಕ್ಕರು. ಇಲ್ಲ ಪ್ರೊಫೆ ಎಂದೆ. "ಹಂಗಾದ್ರೆ ತೂಕ. ಎರಡು ಕಿಲೋ ಇಳಿಸು, ಕಾಲು ತಾನಾಗಿ ಏಳುತ್ತೆ."

ಪ್ರೊಫೆ ಎವಾರಿಸ್ತೊ ಹೇಳಿದ ಮೇಲೆ ಮುಗಿಯಿತು. ಹಳ್ಳಿಯಲ್ಲಿ ಕುರಿ ಅಟ್ಟುತ್ತಿದ್ದವಳ ಓಟ ಕಂಡು ಈ ವಾಂಕಾಯೊ ಪೇಟೆಗೆ ಕರೆತಂದವರು, ಮೊದಲ ಬೂಟು ಕೊಡಿಸಿದವರು, ಅದರ ಲೇಸು ಹೇಗೆ ಕಟ್ಟಬೇಕೆಂದು ನೆಲದ ಮೇಲೆ ಕೂತು ತೋರಿಸಿದವರು. ನನ್ನ ಮೈ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಾಳೆಯಿಂದ ಮಾಂಸ ಇಲ್ಲ, ಎಣ್ಣೆ ಇಲ್ಲ. ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಚಹಾ.

ಮೇ ಕೊನೆಗೆ ಲಿಮಾದಲ್ಲಿ ಮ್ಯಾರಥಾನ್ ಆಯ್ಕೆ ಓಟ. ಮೊದಲು ಬಂದ ಮೂವರು ಹೆಂಗಸರು ದೇಶದ ಅಂಗಿ ತೊಟ್ಟು ದಕ್ಷಿಣ ಅಮೆರಿಕದ ಕೂಟಕ್ಕೆ ಹೋಗುತ್ತಾರೆ. ಹೋದ ವರ್ಷದ ಲಿಮಾ ಓಟದಲ್ಲಿ ನಾನು ನಾಲ್ಕನೆಯವಳೋ ಐದನೆಯವಳೋ ಆಗಿದ್ದರೆ ಇಷ್ಟು ಭಯ ಇರುತ್ತಿರಲಿಲ್ಲ. ನಾನು ಎರಡನೆಯವಳಾಗಿದ್ದೆ.

ಫೆಬ್ರವರಿ 14

ಚುಪಾಕಾ ಸಂತೆಗೆ ಹೋಗಿ ಅಮ್ಮನನ್ನು ನೋಡಿ ಬಂದೆ. ಅವಳ ಊಟದ ಅಂಗಡಿ ತುಂಬ ಜನ. ಕುರಿತಲೆ ಸಾರಿನ ಹಂಡೆ ಒಂದು ಕಡೆ, ಕೋಳಿಯ ರಕ್ತವನ್ನು ಈರುಳ್ಳಿ ಸೊಪ್ಪು ಹಾಕಿ ಹುರಿಯುವ ಬಾಣಲೆ ಇನ್ನೊಂದು ಕಡೆ. ಅಮ್ಮ ನನಗೂ ತಟ್ಟೆ ತುಂಬ ಬಡಿಸಿದಳು. ಬೇಡ, ತೂಕ ಇಳಿಸುತ್ತಿದ್ದೇನೆ ಎಂದೆ. ಅವಳು ಆ ತಟ್ಟೆಯನ್ನು ಪಕ್ಕದಲ್ಲಿ ಕೂತಿದ್ದ ಲಾರಿ ಚಾಲಕನ ಮುಂದೆ ಸರಿಸಿ, "ಸಂತೆಗೆಲ್ಲ ಬಡಿಸ್ತೀನಪ್ಪ, ನನ್ನ ಮಗಳಿಗೆ ಮಾತ್ರ ನನ್ನ ಕೈ ಅಡುಗೆ ಆಗಲ್ಲ," ಎಂದಳು, ನನಗೆ ಕೇಳುವಂತೆ. ಚಕ್ಕೆ ಲವಂಗದ ಚಹಾ ಕುಡಿದು ಎದ್ದೆ.

ಬರುವಾಗ ಹಸಿ ಅಕ್ಕಿ ಕಟ್ಟಿಸಿಕೊಂಡೆ. ಬಸ್ಸು ಊರು ಸೇರುವುದರೊಳಗೆ ಪೊಟ್ಟಣ ಖಾಲಿ. ಈಚೆಗೆ ಅದನ್ನು ಅಗಿಯದೆ ಇರಲಾಗುವುದಿಲ್ಲ. ದೆಲ್ಫಿನಾ ನನ್ನನ್ನು ಇಲಿ ಎನ್ನುತ್ತಾಳೆ. ಒಂದೇ ಕೋಣೆಯಲ್ಲಿ ಇರುವವಳು, ರಾತ್ರಿಯೆಲ್ಲ ಕಟಕಟ ಕೇಳಿಸಿಕೊಳ್ಳುವವಳು ಅವಳೇ ತಾನೇ.

ಫೆಬ್ರವರಿ 22

ಮುಟ್ಟಿನ ಎರಡನೆಯ ದಿನ. ಎರಡು ಬಟ್ಟೆ ಇಟ್ಟುಕೊಂಡು ಓಡಿದೆ, ಆದರೂ ಭಯ. ಹೊಟ್ಟೆ ಕೆಟ್ಟಿದೆ ಎಂದು ಪ್ರೊಫೆಗೆ ಹೇಳಿದೆ. ಇಂಥದ್ದನ್ನೆಲ್ಲ ಅವರಿಗೆ ಹೇಳುವುದು ಹೇಗೆ? ಒಂದೂವರೆ ಕಿಲೋ ಇಳಿದಿದ್ದೇನೆ. ಅವರು ಬೆನ್ನು ತಟ್ಟಿದರು.

ಮಾರ್ಚ್ 3

ಟ್ರ್ಯಾಕಿನ ಮೇಲೆ ಬಿದ್ದೆ. ಬಿದ್ದದ್ದು ಗೊತ್ತಾಗಲಿಲ್ಲ, ಎದ್ದದ್ದು ಗೊತ್ತಾಯಿತು. ಕ್ರೀಡಾಂಗಣದ ದವಾಖಾನೆಗೆ ಹೊಸ ಡಾಕ್ಟರು ಬಂದಿದ್ದಾರೆ, ಇಬಾರ್ರಾ ಎಂಬ ಹೆಂಗಸು. ರಕ್ತ ತೆಗೆದುಕೊಂಡರು. ದೆಲ್ಫಿನಾಳದೂ ಇರಲಿ ಎಂದು ಅವಳನ್ನೂ ಕೂರಿಸಿದರು.

ಪ್ರೊಫೆ ಹೊರಗೆ ಗಡಿಯಾರ ನೋಡುತ್ತ ನಿಂತಿದ್ದರು. ನನ್ನಿಂದ ಎಲ್ಲರ ಬೆಳಗು ಹಾಳಾಯಿತು.

ಮಾರ್ಚ್ 6

ಇವತ್ತಿನದನ್ನು ಪೂರ್ತಿ ಬರೆಯಬೇಕು.

ವರದಿ ನೋಡಿ ಪ್ರೊಫೆ ನಕ್ಕರು. ಹಿಮೋಗ್ಲೋಬಿನ್ ಹದಿಮೂರು ಇದೆ, ಹನ್ನೆರಡರ ಮೇಲಿದ್ದರೆ ಸರಿ ಎಂದು ಇದರಲ್ಲೇ ಅಚ್ಚು ಹಾಕಿದ್ದಾರೆ, ಹುಡುಗಿಗೆ ಏನೂ ಆಗಿಲ್ಲ ಎಂದರು.

ಡಾಕ್ಟರು ಹೇಳಿದರು, "ಅದು ಸಮುದ್ರದ ಮಟ್ಟದಲ್ಲಿರೋರ ಲೆಕ್ಕ, ಪ್ರೊಫೆ. ಇಲ್ಲಿ ಗಾಳಿ ತೆಳು. ಇಷ್ಟು ಎತ್ತರದಲ್ಲಿ ಇರೋರ ರಕ್ತ ಅದಕ್ಕಿಂತ ಗಟ್ಟಿ ಇರ್ಬೇಕು. ಇಲ್ಲಿಗೆ ಹದಿಮೂರು ಅಂದ್ರೆ ಕಮ್ಮಿ." ಕೆಳಗಿನ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಅದು ಮೈಯೊಳಗಿನ ಕಬ್ಬಿಣದ ಕಣಜವಂತೆ. "ಇದು ನೋಡಿ. ತಳ ಕಾಣ್ತಿದೆ. ಉಸಿರನ್ನ ಶ್ವಾಸಕೋಶದಿಂದ ಕಾಲಿಗೆ ಹೊತ್ಕೊಂಡು ಹೋಗೋದೇ ಕಬ್ಬಿಣ. ಹೊರೋರೇ ಇಲ್ಲ ಅಂದ್ಮೇಲೆ ಹುಡುಗಿ ಎಷ್ಟು ಉಸಿರೆಳೆದರೂ ಏನು ಬಂತು?"

ಪ್ರೊಫೆ ಮುಖ ಬಿಗಿದುಕೊಂಡು, ಇಪ್ಪತ್ತು ವರ್ಷದಿಂದ ಓಟಗಾರರನ್ನು ತಯಾರು ಮಾಡುತ್ತಿದ್ದೇನೆ ಎಂದರು. ಡಾಕ್ಟರು ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ನನ್ನ ಮುಟ್ಟಿನ ಬಗ್ಗೆ ಕೇಳಿದರು. ಯಾರೂ ಕೇಳಿರಲಿಲ್ಲ. ಎಷ್ಟು ಹೋಗುತ್ತದೆ, ಎಷ್ಟು ದಿನ ಹೋಗುತ್ತದೆ ಎಂದು ಹೇಳುತ್ತ ಹೇಳುತ್ತ ಅಳು ಬಂತು, ಯಾಕೆಂದು ಗೊತ್ತಿಲ್ಲ. ಮಣ್ಣೋ, ಐಸೋ, ಹಸಿ ಅಕ್ಕಿಯೋ ತಿನ್ನಬೇಕು ಅನಿಸುತ್ತದೆಯೇ ಎಂದರು. ನಾನು ಚೀಲ ಮುಚ್ಚಿಟ್ಟುಕೊಂಡೆ. ಅವರು ನೋಡಿಬಿಟ್ಟಿದ್ದರು. ಕಬ್ಬಿಣ ಕಡಿಮೆಯಾದವರಿಗೆ ಹಾಗೆ ಆಗುತ್ತದಂತೆ.

ಮಾತ್ರೆ ದಿನ ಬಿಟ್ಟು ದಿನ, ಖಾಲಿ ಹೊಟ್ಟೆಗೆ, ಕಿತ್ತಳೆ ರಸದ ಜೊತೆ. ಊಟದ ಹಿಂದೆ ಮುಂದೆ ಚಹಾ ಕಾಫಿ ಮುಟ್ಟಬಾರದು, ಅದು ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ಪಿತ್ತಜನಕಾಂಗ, ಕೋಳಿರಕ್ತ, ಮಸೂರಬೇಳೆ ತಿನ್ನಬೇಕು. ತೂಕದ ಮಾತು ಬಿಟ್ಟುಬಿಡಬೇಕು. ಆರು ವಾರ ನಿಧಾನದ ಓಟ ಮಾತ್ರ. ಮುಟ್ಟಿಗೆ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಾರಂತೆ.

ದೆಲ್ಫಿನಾಳ ಕಣಜವೂ ಖಾಲಿ. ಅವಳು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡಳು. ಆರು ವಾರ ನಿಧಾನಕ್ಕೆ ಓಡಿದರೆ ಮೇ ತಿಂಗಳು ಬಂದೇಬಿಡುತ್ತದೆ ಎಂದಷ್ಟೇ ಅಂದಳು.

ಮಾರ್ಚ್ 8

ಪ್ರೊಫೆ ನಮ್ಮಿಬ್ಬರನ್ನೇ ಕರೆದು ಕೂರಿಸಿದರು. ಅವರಿಗೆ ಪರಿಚಯದವನೊಬ್ಬ ಇದ್ದಾನಂತೆ, ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಕಬ್ಬಿಣವನ್ನು ಬಾಟಲಿಯಲ್ಲಿ ನೇರವಾಗಿ ನರಕ್ಕೆ ಏರಿಸುತ್ತಾನೆ. ಆರು ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ, ತರಬೇತಿ ಒಂದು ದಿನವೂ ತಪ್ಪುವುದಿಲ್ಲ.

ದೆಲ್ಫಿನಾ ತಕ್ಷಣ ಒಪ್ಪಿದಳು. ಯೋಚನೆ ಮಾಡುತ್ತೇನೆ ಎಂದೆ ನಾನು.

"ಯೋಚನೆ ಮಾಡೋಕೆ ನಾನಿದ್ದೀನಿ," ಎಂದರು ಪ್ರೊಫೆ. "ನೀನು ಓಡು."

ಮಧ್ಯಾಹ್ನ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಮಾತ್ರೆ ಒಗ್ಗದವರಿಗೆ ಆಸ್ಪತ್ರೆಯಲ್ಲಿ ಹಾಗೆ ಕೊಡುತ್ತಾರೆ, ಕೆಲವರ ಮೈಗೆ ಅದು ಒಗ್ಗದೆ ಉಸಿರು ಕಟ್ಟುತ್ತದೆ, ಅದಕ್ಕೇ ಪಕ್ಕದಲ್ಲಿ ಮದ್ದು, ಆಮ್ಲಜನಕ, ಡಾಕ್ಟರು ಎಲ್ಲ ಇರಬೇಕು ಎಂದರು. ಆಸ್ಪತ್ರೆಯ ಹೊರಗೆ ಅಂಥ ದೊಡ್ಡ ಬಾಟಲಿ ಏರಿಸಿಕೊಂಡರೆ ಓಟಗಾರರಿಗೆ ನಿಷೇಧವೂ ಇದೆಯಂತೆ. ಯಾಕೆ ಕೇಳಿದೆ ಎಂದರು. ಸುಮ್ಮನೆ ಎಂದೆ.

ದೆಲ್ಫಿನಾಗೆ ಇದನ್ನೆಲ್ಲ ಹೇಳಿದೆ. ಅವಳು ಬಟ್ಟೆ ಹಿಂಡುತ್ತಲೇ ಕೇಳಿಸಿಕೊಂಡಳು.

ಮಾರ್ಚ್ 9

ಪ್ರೊಫೆಗೆ ಹೂಂ ಎಂದಿಲ್ಲ. ಉಹೂಂ ಎಂದೂ ಇಲ್ಲ. ಮಾತ್ರೆ ನುಂಗಿದೆ. ಹೊಟ್ಟೆಯಲ್ಲಿ ಮೊಳೆ ನುಂಗಿದ ಹಾಗೆ.

ಮಾರ್ಚ್ 21

ಅಮ್ಮನ ಜೊತೆ ಜಗಳ, ಅದೂ ಚಹಾಕ್ಕಾಗಿ. ಕೋಳಿರಕ್ತ ಎರಡು ಸಲ ಹಾಕಿಸಿಕೊಂಡು ತಿಂದೆನೆಂದು ಖುಷಿಯಿಂದ ದೊಡ್ಡ ಲೋಟದಲ್ಲಿ ಚಹಾ ತಂದಿಟ್ಟಳು. ಕುಡಿಯಬಾರದಂತೆ, ತಿಂದದ್ದೆಲ್ಲ ದಂಡವಾಗುತ್ತದಂತೆ ಎಂದೆ. ಅವಳಿಗೆ ರೇಗಿತು. ಅಜ್ಜಿ ಮುತ್ತಜ್ಜಿ ಎಲ್ಲ ಊಟದ ಮೇಲೆ ಚಹಾ ಕುಡಿದೇ ಬದುಕಿದರು ಎಂದಳು. "ಅವರು ಮ್ಯಾರಥಾನ್ ಓಡ್ತಿರ್ಲಿಲ್ವಲ್ಲಮ್ಮ," ಎಂದೆ. ಹಿಂದಿನಿಂದ ಯಾರೋ, "ತಾತ ಕುಡಿದು ಬಂದಾಗ ಓಡ್ತಿದ್ರು," ಎಂದರು. ಅಂಗಡಿಯೆಲ್ಲ ನಕ್ಕಿತು. ಅಮ್ಮ ನಗಲಿಲ್ಲ, ಆದರೆ ಪಕ್ಕದ ಅಂಗಡಿಯಿಂದ ಕಿತ್ತಳೆ ತಂದು ಕುಯ್ದು, ಮುಖ ಆ ಕಡೆ ತಿರುಗಿಸಿಕೊಂಡೇ ನನ್ನ ಮುಂದಿಟ್ಟಳು.

ಏಪ್ರಿಲ್ 4

ನಾನು ಹೊರಗಿನ ದಾರಿಯಲ್ಲಿ ನಿಧಾನಕ್ಕೆ ಓಡುತ್ತೇನೆ, ಅವರೆಲ್ಲ ಒಳಗೆ ಬಾಣದಂತೆ ಹೋಗುತ್ತಾರೆ. ಪ್ರೊಫೆ ನನ್ನತ್ತ ನೋಡುವುದನ್ನೇ ಬಿಟ್ಟಿದ್ದಾರೆ. ಇವತ್ತು ಮಾತ್ರ ಹತ್ತಿರ ಕರೆದು, ಕುಂಟುವುದಾದರೆ ಚರ್ಚಿನ ಮುಂದಿನ ಭಿಕ್ಷುಕರ ಜೊತೆ ಓಡು, ಇಲ್ಲಿ ಜಾಗ ಇಲ್ಲ ಎಂದರು. ಸರಿ ಪ್ರೊಫೆ ಎಂದೆ. ನಾಳೆಯಿಂದ ನದಿಯ ಪಕ್ಕದ ಮಣ್ಣುದಾರಿಯಲ್ಲಿ ಓಡಬಹುದು. ಅಲ್ಲಿ ನಾಯಿಗಳು ಕಡಿಮೆ, ನೀಲಗಿರಿ ಮರಗಳ ವಾಸನೆ ಚೆನ್ನಾಗಿರುತ್ತದೆ.

ದೆಲ್ಫಿನಾಗೆ ಈಸ್ಟರ್ ಕಳೆದ ಮೇಲೆ ಬಾಟಲಿ. ಬೇಡ ಕಣೆ, ನನ್ನ ಜೊತೆ ಮಾತ್ರೆ ತಗೋ ಎಂದು ಮತ್ತೆ ಹೇಳಿದೆ.

"ನಿಂಗೆ ಇಪ್ಪತ್ತಾರು," ಎಂದಳು. "ಇದು ತಪ್ಪಿದ್ರೆ ಇನ್ನೊಂದು ಆಯ್ಕೆ, ಅದೂ ತಪ್ಪಿದ್ರೆ ಇನ್ನೊಂದು. ನಂಗೆ ಇದೇ ಕೊನೆ ಕಣೆ. ಯದಿರಾ ನನ್ನನ್ನ ಅಮ್ಮ ಅನ್ನಲ್ಲ ಗೊತ್ತಾ? ನಮ್ಮಮ್ಮನ್ನ ಅಮ್ಮ ಅಂತಾಳೆ, ನನ್ನನ್ನ ದೆಲ್ಫಿ ಅಂತಾಳೆ. ಮಗೂನ ಹೌಹಾದಲ್ಲಿ ಬಿಟ್ಟು ಬಂದು ಇಷ್ಟು ವರ್ಷ ಓಡಿದ್ದು ಯಾತಕ್ಕೆ ಅಂತ ಅವಳಿಗೆ ತೋರಿಸ್ಬೇಕಲ್ಲ, ಏನಾದ್ರೂ ಒಂದು?"



ಏಪ್ರಿಲ್ 17

ಅಕ್ಷರ ಹೇಗಾದರೂ ಇರಲಿ, ಈಗಲೇ ಬರೆಯಬೇಕು.

ದೆಲ್ಫಿನಾ ಬೆಳಿಗ್ಗೆ ಕೇಳಿದಳು, "ಬಂದು ನನ್ನ ಕೈ ಹಿಡ್ಕೊಂಡು ಕೂತ್ಕೋ ಸಾಕು. ಏನೂ ಹೇಳ್ಬೇಡ." ಹೋದೆ. ಗ್ಯಾರೇಜೊಂದರ ಹಿಂದಿನ ಮನೆ. ಮಂಚ, ಕುರ್ಚಿ, ಪರದೆಯ ಸರಳಿಗೆ ತಂತಿಯಿಂದ ಕಟ್ಟಿದ ಬಾಟಲಿ. ಒಳಗಿನ ನೀರು ಕಬ್ಬಿನ ಪಾಕದಂತೆ ಕಂದು. ಪ್ರೊಫೆ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಆ ಮನುಷ್ಯ ಸೂಜಿ ಚುಚ್ಚಿದ, ದೆಲ್ಫಿನಾ ನನ್ನತ್ತ ಕಣ್ಣು ಹೊಡೆದಳು.

ಸ್ವಲ್ಪ ಹೊತ್ತಿಗೆ ಅವಳು ಕುತ್ತಿಗೆ ಕೆರೆದುಕೊಳ್ಳತೊಡಗಿದಳು. ಆಮೇಲೆ ಹೊಟ್ಟೆ. ಕೈಮೇಲೆಲ್ಲ ಕೆಂಪು ದದ್ದು ಎದ್ದಿತು. ತುಟಿ ದಪ್ಪಗಾಗುತ್ತಿದೆ ಎಂದೆ. ಹಾಗೆ ಆಗುತ್ತದೆ, ನಿಧಾನ ಮಾಡುತ್ತೇನೆ ಎಂದು ಆ ಮನುಷ್ಯ ನಳಿಕೆಯ ತಿರುಪನ್ನು ತಿರುಗಿಸಿದ. ದೆಲ್ಫಿನಾ ನನ್ನ ಕೈ ಹಿಂಡಿದಳು. "ನೇಲಿ, ಎದೆ ಕಟ್ತಾ ಇದೆ."

ನಾನು ನಳಿಕೆಯನ್ನು ಮಡಿಸಿ ಹಿಡಿದು ಸೂಜಿ ತೆಗೆ ಎಂದು ಕೂಗಿದೆ. ಅವನು ಪ್ರೊಫೆಯ ಮುಖ ನೋಡಿದ. ಪ್ರೊಫೆ ಎದ್ದು ನಿಂತಿದ್ದರು, ಪತ್ರಿಕೆ ಇನ್ನೂ ಕೈಯಲ್ಲೇ ಇತ್ತು. ತೆಗಿ ಎಂದರು. ಆಮೇಲೆ ನನಗೆ, "ತಾಳು. ಕಿಟಕಿ ತೆಗಿ, ಸರಿಹೋಗುತ್ತೆ. ಆಸ್ಪತ್ರೆಗೆ ಹೋದ್ರೆ ಬರ್ಕೊಳ್ತಾರೆ. ಬರ್ಕೊಂಡ್ರೆ ಅವಳ ಓಟ ಮುಗೀತು, ನೇಲಿ."

ದೆಲ್ಫಿನಾ ಕೂಡ ತಲೆ ಅಲ್ಲಾಡಿಸಿದಳು. ಬೇಡ, ಬೇಡ. ಮಾತು ಹೊರಡುತ್ತಿರಲಿಲ್ಲ, ಗಂಟಲಲ್ಲಿ ಸೀಟಿಯಂಥ ಸದ್ದು. ಬೇಡ ಎನ್ನುತ್ತಿದ್ದ ಆ ತುಟಿಗಳು ನೀಲಿಯಾಗುತ್ತಿದ್ದವು.

ಅವಳನ್ನು ಬೆನ್ನ ಮೇಲೆ ಹಾಕಿಕೊಂಡೆ. ಪ್ರೊಫೆ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಅದನ್ನು ಹೇಳಲೇಬೇಕು. ಪಕ್ಕಕ್ಕೆ ಸರಿದು, ಕೇಳಿದರೆ ಸೀಗಡಿ ತಿಂದಳು ಅನ್ನು ಎಂದರು. ಗಲ್ಲಿಯ ತುದಿಯವರೆಗೆ ಅವಳನ್ನು ಹೊತ್ತು ಓಡಿದೆ. ಅದು ಏರು. ಈಗ ಬರೆಯುವಾಗ ನೆನಪಾಗುತ್ತಿದೆ, ಆಗ ಗೊತ್ತಾಗಲಿಲ್ಲ. ಮೂರು ಗಾಲಿಯ ಟ್ಯಾಕ್ಸಿಯವನೊಬ್ಬ ಮುದುಕಿಯ ಮೂಟೆಗಳನ್ನು ಏರಿಸಿಕೊಳ್ಳುತ್ತಿದ್ದ. ಮುದುಕಿ ದೆಲ್ಫಿನಾಳ ಮುಖ ನೋಡಿ ತನ್ನ ಮೂಟೆಗಳನ್ನು ತಾನೇ ಕೆಳಗೆ ತಳ್ಳಿದಳು.

ಆಸ್ಪತ್ರೆಯಲ್ಲಿ ಹುಡುಗ ಡಾಕ್ಟರೊಬ್ಬ, ಇವಳಿಗೆ ಏನು ಕೊಟ್ಟರು, ಏನು ತಿಂದಳು ಎಂದು ಕೂಗಿ ಕೇಳುತ್ತಿದ್ದ. ದೆಲ್ಫಿನಾ ಮಲಗಿದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ಕಣ್ಣು ಮಾತ್ರ ತೆರೆದಿತ್ತು. ಅವಳು ಏನು ಬೇಡುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಕಬ್ಬಿಣ," ಎಂದೆ. "ಬಾಟಲಿಯಲ್ಲಿ. ನರಕ್ಕೆ."

ತೊಡೆಗೆ ಸೂಜಿ ಚುಚ್ಚಿದರು. ನನ್ನನ್ನು ಹೊರಗೆ ಕಳಿಸಿದರು.

ಏಪ್ರಿಲ್ 18

ಬದುಕಿದ್ದಾಳೆ. ಉಸಿರು ಸರಿಯಾಗಿದೆ. ಒಳಗೆ ಹೋದೆ, ಗೋಡೆಯ ಕಡೆ ಹೊರಳಿದಳು.

ಹೊರಗೆ ಬಂದಾಗ ಗೇಟಿನ ಆಚೆ ಪ್ರೊಫೆ. ದೆಲ್ಫಿನಾಳ ಜಾಕೆಟ್ಟು ಅವರ ತೋಳಿನ ಮೇಲಿತ್ತು. ಒಳಗೆ ಬರಲಿಲ್ಲ. ಹೇಗಿದ್ದಾಳೆ ಎಂದು ಕೇಳಿದರು, ಹೇಳಿದೆ. ಅವರ ಗಡ್ಡ ಬೆಳೆದಿತ್ತು. ಎಂದೂ ಹಾಗೆ ಕಂಡವರಲ್ಲ. "ನೀನು ಅವಳನ್ನ ಮುಗಿಸಿಬಿಟ್ಟೆ, ನನ್ನನ್ನೂ," ಎಂದರು, ಬೈಗುಳದಂತೆ ಅಲ್ಲ, ಓಟದ ಸಮಯ ಓದಿ ಹೇಳಿದಂತೆ. ಜಾಕೆಟ್ಟು ಕೊಟ್ಟು ಹೋದರು.

ನನಗೆ ಹಸಿವಾಗಿತ್ತು. ಇಂಥ ಹೊತ್ತಲ್ಲಿ ಹೇಗೆ ಹಸಿವಾಗುತ್ತದೋ. ಆಸ್ಪತ್ರೆಯ ಮುಂದೆ ಬೇಳೆ ಅನ್ನ ತಿಂದೆ.

ಏಪ್ರಿಲ್ 30

ಕ್ರೀಡಾ ಒಕ್ಕೂಟದವರು ಕರೆಸಿ ಕೇಳಿದರು. ಕಂಡದ್ದನ್ನೆಲ್ಲ ಹೇಳಿದೆ. ವಿಚಾರಣೆ ಮುಗಿಯುವವರೆಗೆ ದೆಲ್ಫಿನಾ ಓಡುವ ಹಾಗಿಲ್ಲ, ಪ್ರೊಫೆ ತರಬೇತಿ ಕೊಡುವ ಹಾಗಿಲ್ಲ. ಆ ಗ್ಯಾರೇಜಿನ ಮನೆಗೆ ಬೀಗ ಬಿದ್ದಿದೆ.

ನಾನಿಲ್ಲದಾಗ ದೆಲ್ಫಿನಾ ಬಂದು ಸಾಮಾನು ತೆಗೆದುಕೊಂಡು ಹೋಗಿದ್ದಾಳೆ. ಕೋಣೆ ಗುಡಿಸಿ ಹೋಗಿದ್ದಾಳೆ. ಗುಡಿಸದೆ ಹೋಗಿದ್ದರೆ ವಾಸಿಯಿತ್ತು. ಗುಂಪಿನ ಹುಡುಗರು ಬೀದಿಯಲ್ಲಿ ಸಿಕ್ಕರೆ ಆ ಬದಿಗೆ ದಾಟುತ್ತಾರೆ. ಇವತ್ತು ಗೋಡೆಯ ಮೇಲೆ ಯಾರೋ ಇದ್ದಿಲಲ್ಲಿ 'ಚಾಡಿಕೋರಿ' ಎಂದು ಬರೆದಿದ್ದರು. ಒರೆಸಿದೆ.

ಮೇ 10

ಎರಡನೆಯ ವರದಿ ಬಂತು. ಕಣಜ ತುಂಬಿಲ್ಲ, ಆದರೆ ತಳ ಮುಚ್ಚಿದೆ ಎಂದರು ಡಾಕ್ಟರು. ಓಡಬಹುದು. ಗೆಲ್ಲುವ ಮಾತು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ.

ವೇಗದ ಓಟದ ಪಟ್ಟಿ ನಾನೇ ಹಾಕಿಕೊಂಡಿದ್ದೇನೆ. ಮಂಗಳವಾರದ್ದು ಜಾಸ್ತಿಯಾಯಿತು ಅನಿಸಿ ಅರ್ಧಕ್ಕೆ ನಿಲ್ಲಿಸಿದೆ, ಮನೆಗೆ ಬಂದು ಮಲಗಿದೆ. ನೀಲಗಿರಿ ತೋಪಿನ ಹತ್ತಿರ ಆಲೂಗಡ್ಡೆ ಅಗೆಯುವವರು ಈಗ ಕೈ ಬೀಸುತ್ತಾರೆ.

ನನ್ನ ಜಾಕೆಟ್ಟಿನ ಜೇಬಿನಲ್ಲಿ ಅಕ್ಕಿಯ ಪೊಟ್ಟಣ ಸಿಕ್ಕಿತು. ಯಾವಾಗ ತಂದದ್ದೋ. ಮನೆಯೊಡತಿಯ ಕೋಳಿಗಳಿಗೆ ಹಾಕಿದೆ.

ಮೇ 24, ಲಿಮಾ

ನಾಲ್ಕನೆಯವಳಾದೆ.

ಮೊದಲಿನಿಂದ ಬರೆಯುತ್ತೇನೆ. ಮಂಜು ಕವಿದಿತ್ತು, ಸಮುದ್ರದ ಗಾಳಿ ದಪ್ಪ, ಗಂಜಿಯ ಹಾಗೆ. ಮೊದಲ ಅರ್ಧದಲ್ಲಿ ಯಾರನ್ನೂ ಹಿಂಬಾಲಿಸಲಿಲ್ಲ. ಮುಂದೆ ಆರು ಜನರಿದ್ದರು, ಹೋಗಲಿ ಎಂದು ಬಿಟ್ಟೆ. ಪ್ರೊಫೆ ಇದ್ದಿದ್ದರೆ ಬೈಕಿನಿಂದ ಕೂಗುತ್ತಿದ್ದರು. ಮೂವತ್ತನೆಯ ಕಿಲೋಮೀಟರಿನ ಕಲ್ಲು ದಾಟಿದ ಮೇಲೆ ಒಬ್ಬೊಬ್ಬರೇ ಹಿಂದಕ್ಕೆ ಬರತೊಡಗಿದರು. ಹೋದ ವರ್ಷ ಅಲ್ಲೇ ನನ್ನ ಕಾಲು ಸತ್ತಿತ್ತು, ಎಳೆದುಕೊಂಡೇ ಎರಡನೆಯವಳಾಗಿ ಗೆರೆ ದಾಟಿದ್ದೆ. ಈ ಸಲ ಕಾಲನ್ನು ಕೇಳಿದೆ, ಅದು ಹೂಂ ಎಂದಿತು. ಕೊನೆಯ ದಾರಿಯಲ್ಲಿ ಅರೆಕಿಪಾದ ಹುಡುಗಿಯ ಬೆನ್ನು ಕೈಗೆ ಎಟುಕುವಷ್ಟು ಹತ್ತಿರ ಬಂತು. ಎಟುಕಲಿಲ್ಲ. ಅವಳು ಮೂರನೆಯವಳು. ಗೆರೆ ದಾಟಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು. ಕ್ಷಮಿಸು ಎಂದಳು ಅವಳು. ಯಾಕೆ ಎಂದೆ.

ಇಷ್ಟು ಬೇಗ ನಾನು ಎಂದೂ ಈ ದೂರ ಓಡಿರಲಿಲ್ಲ. ಆದರೂ ನಾಲ್ಕನೆಯವಳು.

ಅಮ್ಮ ಬಸ್ಸಿನಲ್ಲಿ ಬಂದಿದ್ದಳು. ಜೀವನದಲ್ಲಿ ಮೊದಲ ಸಲ ಲಿಮಾ ನೋಡಿದ್ದು, ನೋಡಿದ್ದು ಅಂದರೆ ಮಂಜು. ಏನೂ ಕೇಳದೆ ಬಟ್ಟೆಗಂಟು ಬಿಚ್ಚಿ ಆಲೂಗಡ್ಡೆ, ಹುರಿದ ಪಿತ್ತಜನಕಾಂಗ ತೆಗೆದಳು. ರಸ್ತೆ ಬದಿಯಲ್ಲೇ ಕೂತು ತಿಂದೆ. ಎರಡನೆಯ ಸಲ ಬಡಿಸಿಕೊಂಡ ಮೇಲೆ ನೆನಪಾಯಿತು, ನಾನು ಆಯ್ಕೆಯಾಗಲಿಲ್ಲ. ಆಗ ಅತ್ತೆ. ಅತ್ತು ಮುಗಿದ ಮೇಲೆ ಉಳಿದದ್ದನ್ನೂ ತಿಂದೆ.

ಜೂನ್ 14

ಬೆಳಿಗ್ಗೆ ಬಸ್ಸಿಳಿದು ದೆಲ್ಫಿನಾ ಬಂದಳು. ನಮ್ಮಮ್ಮ ಹೌಹಾ ಸಂತೆಯಲ್ಲಿ ಅವಳನ್ನು ಕಂಡು ಒಂದು ಮಾತು ಹೇಳಿದ್ದಳಂತೆ. ಏನು ಹೇಳಿದಳೋ ಇಬ್ಬರೂ ಬಾಯಿ ಬಿಡುವುದಿಲ್ಲ. ವಿಚಾರಣೆ ಇನ್ನೂ ಮುಗಿದಿಲ್ಲ, ಒಂದು ವರ್ಷವೋ ಎರಡು ವರ್ಷವೋ ಹೊರಗಿಡಬಹುದು. ಅವಳ ಮುಖ ತುಂಬಿಕೊಂಡಿತ್ತು. ಡಾಕ್ಟರ್ ಇಬಾರ್ರಾ ಹತ್ತಿರ ತಾನೇ ಹೋಗಿದ್ದಳಂತೆ, ಬೇರೆ ಬಗೆಯ ಮಾತ್ರೆ ಕೊಟ್ಟಿದ್ದಾರಂತೆ. ಒಂದು ತಿಂಗಳ ಮೇಲಾಯಿತಂತೆ.

ಬಾಗಿಲಲ್ಲೇ ನಿಂತು ಹೇಳಿದಳು, "ನಿನ್ನ ಮೇಲೆ ನಂಗೆ ಇನ್ನೂ ಕೋಪ ಇದೆ. ಕೂತ್ಕೊಂಡು ಹೇಳಿದ್ರೆ ಜಗಳ ಆಗುತ್ತೆ. ಬೂಟು ಹಾಕ್ಕೋ."

ಮಣ್ಣುಕಂಬಗಳ ಕಡೆ ಹೋದೆವು. ಏರು ಶುರುವಾಗುತ್ತಿದ್ದಂತೆ ಅವಳು ಶುರುಮಾಡಿದಳು. ನಾನು ಕೋಣೆಯಲ್ಲಿ ಅವಳ ಸೋಪು ಬಳಸುತ್ತಿದ್ದದ್ದರಿಂದ ಹಿಡಿದು, ಆಸ್ಪತ್ರೆಯಲ್ಲಿ ಅವಳ ಕಣ್ಣು ನೋಡಿಯೂ ಬಾಯಿಬಿಟ್ಟದ್ದರವರೆಗೆ. ನಿನಗೆ ಯಾರು ಅಧಿಕಾರ ಕೊಟ್ಟರು, ನನ್ನ ಜೀವ ನನ್ನದು, ನನ್ನ ಓಟ ನನ್ನದು, ಬೆನ್ನ ಮೇಲೆ ಹಾಕಿಕೊಂಡು ಓಡುವಾಗ ನನ್ನ ಮೊಣಕಾಲು ಗೋಡೆಗೆ ಹೊಡೆಸಿದೆ, ಇನ್ನೂ ನೋಯುತ್ತದೆ, ಯದಿರಾ ಕೇಳಿದಳು ಯಾಕೆ ಮನೆಗೆ ಬಂದೆ ಅಂತ, ಏನು ಹೇಳಲಿ ನಾನು. ಮೊದಲ ತಿರುವಿನಲ್ಲಿ ಬೈದಳು, ಎರಡನೆಯ ತಿರುವಿನಲ್ಲಿ ಬೈದಳು, ಕಡಿದಾದ ಕಡೆ ಅಳುತ್ತ ಬೈದಳು. ನಾನು ಪಕ್ಕದಲ್ಲೇ ಓಡಿದೆ.

ನೆತ್ತಿ ಮುಟ್ಟುವವರೆಗೂ ಬೈಗುಳ ನಿಲ್ಲಲಿಲ್ಲ. ಆ ಏರಿನಲ್ಲಿ ಅಷ್ಟು ಮಾತಾಡುವಷ್ಟು ಉಸಿರು ಅವಳಿಗಿತ್ತು.